ಮುಂಜಾನೆ ಏಳದ ಜೀಪು, ಕೈಗೆ ಸಿಗದ ಆವರೇಜ್

ಜನವರಿಯ ಮುಂಜಾನೆ ಐದು ಗಂಟೆ. ಗುಂಜಿ ಸ್ಟೇಷನ್ ಆಚೆಗಿನ ಗದ್ದೆಗಳ ಮೇಲೆ ಮಂಜು ಮಲಗಿರುತ್ತದೆ. ಲೋಂಡಾ ಕಡೆ ಹೋಗುವ ರೈಲಿನ ಸಪ್ಪಳ ನಿಂತ ಮೇಲೆ ಊರಲ್ಲಿ ಕೇಳಿಸುವುದು ಒಂದೇ, ಯಾರದೋ ಹಿತ್ತಲಲ್ಲಿ ಸೆಲ್ಫ್ ಹೊಡೆಯುವ ಸದ್ದು. ಕರ್ರ್, ಕರ್ರ್, ಕರ್ರ್... ಆಮೇಲೆ ಬೈಗುಳ. ಆಮೇಲೆ "ದಬ್ಬಾಕ ಬರ್ರೋ" ಅಂತ ಕೂಗು.

ಹೋದ ಚಳಿಗಾಲ ಅಲ್ಲಿಯ ಗೆಳೆಯನೊಬ್ಬನ ಮನೆಯಲ್ಲಿ ಎರಡು ದಿನ ಇದ್ದೆ. ಅವನದು ಸೆಕೆಂಡ್ ಹ್ಯಾಂಡ್ ಡೀಸೆಲ್ ಜೀಪು, ಫೋರ್ ಬೈ ಫೋರ್. ಗೆಣಸು, ಕಾಯಿಪಲ್ಲೆ ತುಂಬಿಕೊಂಡು ಬೆಳಗಾವಿ ಮಾರ್ಕೆಟ್ಟಿಗೆ ಹೋಗುವುದು ಅದರಲ್ಲೇ, ಮಳೆಗಾಲದಲ್ಲಿ ಕೆಸರಿನ ದಾರಿಯಲ್ಲಿ ಗೊಬ್ಬರದ ಚೀಲ ಗದ್ದೆಗೆ ಮುಟ್ಟಿಸುವುದೂ ಅದರಲ್ಲೇ. "ಅಣ್ಣಾರ, ಇದಕ್ಕ ಚಳಿ ಹತ್ತೇತ್ರಿ" ಅಂದ. "ಇಳಿಜಾರಿಗೆ ನಿಲ್ಲಿಸಿದ್ರ ಚಾಲೂ ಆಗ್ತೈತ್ರಿ, ಅಂಗಳದಾಗ ನಿಲ್ಲಿಸಿದ್ರ ಆಗೂದಿಲ್ರಿ. ಆವರೇಜೂ ಬಿದ್ದೈತಿ." ಹೊಸ ಬ್ಯಾಟರಿ ಹಾಕಿಸಿದ್ದ. ನಾಲ್ಕೂ ಹೀಟರ್ ಪ್ಲಗ್ ಬದಲಿಸಿದ್ದ. ಈಗ ಪಂಪು ಬಿಚ್ಚಿಸಬೇಕು ಅಂತ ಯಾರೋ ಹೇಳಿದ್ದಾರೆ, ಅದಕ್ಕೆ ಸಾಲ ತೆಗೆಯುವ ಮಾತು ನಡೆದಿತ್ತು. ಹಣಕ್ಕಿಂತ ಅವನನ್ನು ಕಾಡುತ್ತಿದ್ದದ್ದು ಬೇರೆ. ಡಿಸೆಂಬರಿನ ಒಂದು ರಾತ್ರಿ ಅವನ ವೈನಿಗೆ ಹೊಟ್ಟೆನೋವು ಜೋರಾದಾಗ ಈ ಜೀಪು ಏಳಲಿಲ್ಲ. ಪಕ್ಕದ ಮನೆಯವರ ಗಾಡಿಯಲ್ಲಿ ಖಾನಾಪುರಕ್ಕೆ ಒಯ್ದರು. ಪಕ್ಕದ ಮನೆಯಲ್ಲಿ ಗಾಡಿ ಇತ್ತು, ಸರಿ. ಭೀಮಗಡ ಕಾಡಿನೊಳಗಿನ ಗವಾಳಿ, ಅಮಗಾಂವದಂಥ ಊರುಗಳಲ್ಲಿ ಪಕ್ಕದ ಮನೆಯ ಗಾಡಿ ಎಲ್ಲಿಂದ ಬರಬೇಕು? ಮಳೆಗಾಲದಲ್ಲಿ ರೋಗಿಯನ್ನು ಹೊತ್ತುಕೊಂಡು ನಡೆಯುವ ಊರುಗಳು ಅವು.

ಅದಕ್ಕೇ ಈ ವಾರ ಬೆಳೆ ಬಿಟ್ಟು ಗಾಡಿಯ ಪಾಠ. ಜೀಪಿಗೆ ಬರೆದದ್ದಾದರೂ ಟ್ರ್ಯಾಕ್ಟರಿಗೂ ಮುಕ್ಕಾಲು ಪಾಲು ಹೊಂದುತ್ತದೆ.

ಚಳಿ ಎಷ್ಟರ ಮಟ್ಟಿಗೆ ತಪ್ಪಿತಸ್ಥ?

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆಯೋಣ. "ಡೀಸೆಲ್ ಗಟ್ಟಿ ಆಗೇತಿ" ಅನ್ನುವ ಮಾತು ನಮ್ಮ ಕಡೆ ಬಹಳ ಕೇಳುತ್ತೇವೆ. ಡೀಸೆಲ್‌ನಲ್ಲಿ ಮೇಣದ ಅಂಶ ಇರುವುದು ನಿಜ, ಬಹಳ ಚಳಿಗೆ ಅದು ಹೆಪ್ಪುಗಟ್ಟಿ ಫಿಲ್ಟರ್ ಕಟ್ಟುವುದೂ ನಿಜ. ಆದರೆ ಅದು ಲಡಾಖಿನ ಸಮಸ್ಯೆ. ಅಲ್ಲಿಗಾಗಿಯೇ ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಬೇರೆ ಡೀಸೆಲ್ ತಂದಿತು. ಖಾನಾಪುರ ತಾಲ್ಲೂಕಿನ ಚಳಿಗಾಲದ ರಾತ್ರಿ 12-14 ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಇನ್ನೂ ಸ್ವಲ್ಪ ಕೆಳಗೆ. ಅಷ್ಟಕ್ಕೆ ಬಂಕಿನಿಂದ ತಂದ ಒಳ್ಳೆಯ ಡೀಸೆಲ್ ಗಟ್ಟಿಯಾಗುವುದಿಲ್ಲ. ಆದ್ದರಿಂದ ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸುವ ಔಷಧ ಬೇಡ. ಇಂಜೆಕ್ಷನ್ ಪಂಪಿಗೆ ಡೀಸೆಲ್ಲೇ ಎಣ್ಣೆ, ಅದರ ಜಿಡ್ಡಿನಲ್ಲೇ ಪಂಪಿನ ಒಳಭಾಗ ಜಾರುತ್ತದೆ. ಸೀಮೆಎಣ್ಣೆ ಆ ಜಿಡ್ಡು ಕಡಿಮೆ ಮಾಡುತ್ತದೆ.

ಹಾಗಾದರೆ ಚಳಿ ಮಾಡುವುದೇನು? ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಗಾಡಿಯ ಹಾಗೆ ಕಿಡಿ ಇಲ್ಲ. ಗಾಳಿಯನ್ನು ಹದಿನೆಂಟು-ಇಪ್ಪತ್ತು ಪಟ್ಟು ಅದುಮಿದಾಗ ಹುಟ್ಟುವ ಕಾವಿನಿಂದಲೇ ಡೀಸೆಲ್ ಹೊತ್ತಬೇಕು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಅದೇ ಲೆಕ್ಕ. ಹೊರಗಿನ ಗಾಳಿ 20 ಡಿಗ್ರಿ ತಣ್ಣಗಾದರೆ ಅದುಮಿದ ಮೇಲಿನ ಕಾವು ಹತ್ತಿರ ಹತ್ತಿರ 50 ಡಿಗ್ರಿ ಕಡಿಮೆಯಾಗುತ್ತದೆ. ಮೇಲಿಂದ ತಣ್ಣನೆಯ ಸಿಲಿಂಡರ್ ಗೋಡೆ ಇನ್ನಷ್ಟು ಕಾವು ಹೀರುತ್ತದೆ. ಸೆಲ್ಫ್ ನಿಧಾನ ತಿರುಗಿದರೆ ಅದುಮಿದ ಗಾಳಿ ರಿಂಗಿನ ಸಂದಿಯಿಂದ ಸೋರಿಹೋಗಲು ಸಮಯ ಸಿಗುತ್ತದೆ.

ಆರೋಗ್ಯವಾಗಿರುವ ಇಂಜಿನ್ ಇದನ್ನೆಲ್ಲ ದಾಟಿ 12 ಡಿಗ್ರಿಯಲ್ಲಿ ಸಲೀಸಾಗಿ ಏಳುತ್ತದೆ. ಏಳದಿದ್ದರೆ ಬೇಸಿಗೆಯಲ್ಲೂ ಅದರಲ್ಲಿ ಏನೋ ಊನ ಇತ್ತು, ಕಾವು ಇದ್ದದ್ದಕ್ಕೆ ಮುಚ್ಚಿಹೋಗಿತ್ತು. ಆ ಊನವೇ ಹಗಲಿಡೀ ನಿಮ್ಮ ಡೀಸೆಲ್ಲನ್ನೂ ಕುಡಿಯುತ್ತಿರಬಹುದು.

ನಿಮ್ಮ ಜೀಪು ಯಾವ ಜಾತಿ?

ಮಿಸ್ತ್ರಿ ಹತ್ತಿರ ಹೋಗುವ ಮೊದಲು ಇದು ಗೊತ್ತಿರಲಿ. 1980ರ ದಶಕದಲ್ಲಿ ಮಹೀಂದ್ರ ಜೀಪುಗಳಿಗೆ ಬಂದ ಪ್ಯೂಜೋ ವಿನ್ಯಾಸದ 2112 ಸಿಸಿ ಇಂಜಿನ್ ಈಗಲೂ ಅಲ್ಲಲ್ಲಿ ಓಡುತ್ತಿದೆ. ಅದರಲ್ಲಿ ಡೀಸೆಲ್ ಮೊದಲು ಹೆಡ್ಡಿನೊಳಗಿನ ಒಂದು ಸಣ್ಣ ಕೋಣೆಯಲ್ಲಿ ಹೊತ್ತುತ್ತದೆ. ಆ ಕೋಣೆಯ ಗೋಡೆ ಕಾವು ಹೀರುವುದರಿಂದ ಪ್ರತಿ ಸಿಲಿಂಡರಿಗೂ ಒಂದೊಂದು ಹೀಟರ್ ಪ್ಲಗ್ ಬೇಕೇ ಬೇಕು. ಆಮೇಲೆ ಬಂದ 2523 ಸಿಸಿಯ ಡಿಐ ಇಂಜಿನ್ನಿನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೇ ಬೀಳುತ್ತದೆ. ಕಾವು ಪೋಲಾಗುವುದು ಕಡಿಮೆ, ಆವರೇಜೂ ತುಸು ಮೇಲು. ಥಾರ್‌ನ ಸಿಆರ್‌ಡಿಇ ಮಾದರಿಗಳದ್ದು ಮೂರನೆಯ ಜಾತಿ, ಕಾಮನ್ ರೇಲ್. ಅದರಲ್ಲಿ ಎಷ್ಟು ಡೀಸೆಲ್, ಯಾವಾಗ ಅನ್ನುವುದನ್ನೆಲ್ಲ ಕಂಪ್ಯೂಟರ್ ನಿರ್ಧರಿಸುತ್ತದೆ.

ಹಳೆಯ ಎರಡು ಜಾತಿಗಳಲ್ಲಿ ಮನೆಯಲ್ಲೇ ಬಹಳಷ್ಟು ನೋಡಬಹುದು. ಕಾಮನ್ ರೇಲ್ ಗಾಡಿಯಲ್ಲಿ ಒಂದು ಕೆಲಸ ಮಾತ್ರ ಎಂದೂ ಮಾಡಬಾರದು. ನೋಜಲಿಗೆ ಹೋಗುವ ಉಕ್ಕಿನ ಪೈಪಿನ ನಟ್ ಸಡಿಲಿಸಿ ಡೀಸೆಲ್ ಬರುತ್ತದೋ ಇಲ್ಲವೋ ನೋಡುವುದು ಹಳೆಯ ಜೀಪಿನ ಪದ್ಧತಿ. ಕಾಮನ್ ರೇಲಿನಲ್ಲಿ ಅಲ್ಲಿ ಸಾವಿರ ಬಾರ್‌ಗೂ ಮಿಕ್ಕಿದ ಒತ್ತಡ ಇರುತ್ತದೆ. ಕಣ್ಣಿಗೆ ಕಾಣದಂಥ ಸಣ್ಣ ಎಳೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಒಳಗೆ ಬೆರಳೇ ಕೊಳೆಯಬಹುದು. ಹಾಗೇನಾದರೂ ಆದರೆ ನೋವು ಇಲ್ಲ ಅಂತ ಕೂರಬೇಡಿ, ಆ ಗಳಿಗೆಯೇ ಆಸ್ಪತ್ರೆಗೆ ಹೋಗಿ.

ಹೊಗೆ ಓದುವುದನ್ನು ಕಲಿಯಿರಿ

ಮುಂಜಾನೆ ಸೆಲ್ಫ್ ಹೊಡೆಯುವಾಗ ಒಬ್ಬರು ಸೈಲೆನ್ಸರ್ ಹಿಂದೆ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಮಿಸ್ತ್ರಿಗೆ ಹತ್ತು ನಿಮಿಷ ವಿವರಿಸುವುದಕ್ಕಿಂತ ಆ ಇಪ್ಪತ್ತು ಸೆಕೆಂಡಿನ ವಿಡಿಯೊ ಹೆಚ್ಚು ಹೇಳುತ್ತದೆ. ಯಾಕೆಂದರೆ ನೀವು ಗ್ಯಾರೇಜ್ ಮುಟ್ಟುವ ಹೊತ್ತಿಗೆ ಇಂಜಿನ್ ಬಿಸಿಯಾಗಿರುತ್ತದೆ, ರೋಗ ಅಡಗಿ ಕೂತಿರುತ್ತದೆ.

ಸೆಲ್ಫ್ ಚೆನ್ನಾಗಿ ತಿರುಗುತ್ತಿದೆ, ಹೊಗೆಯೇ ಇಲ್ಲ ಅಂದರೆ ಡೀಸೆಲ್ ಸಿಲಿಂಡರಿಗೆ ಮುಟ್ಟಿಯೇ ಇಲ್ಲ. ಏರ್ ಹಿಡಿದಿರಬಹುದು, ಫಿಲ್ಟರ್ ಕಟ್ಟಿರಬಹುದು, ಪಂಪಿನ ಮೇಲಿನ ಸ್ಟಾಪ್ ಸೊಲೆನಾಯ್ಡಿಗೆ ಕರೆಂಟ್ ಬರದೇ ಇರಬಹುದು. ಬಿಳಿ ಹೊಗೆ ಬರುತ್ತಿದೆ, ಹಸಿ ಡೀಸೆಲ್ ವಾಸನೆ ಇದೆ, ಆದರೂ ಹೊತ್ತುತ್ತಿಲ್ಲ ಅಂದರೆ ಡೀಸೆಲ್ ಬರುತ್ತಿದೆ, ಕಾವು ಸಾಲುತ್ತಿಲ್ಲ. ಆಗ ನೋಡಬೇಕಾದ್ದು ಹೀಟರ್, ಸೆಲ್ಫಿನ ವೇಗ, ಕಂಪ್ರೆಷನ್, ಪಂಪಿನ ಟೈಮಿಂಗ್. ಸ್ಟಾರ್ಟ್ ಆದ ಮೇಲೂ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ದಿನಾ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಕಪ್ಪು ಹೊಗೆಗೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು, ಅಂದರೆ ಏರ್ ಫಿಲ್ಟರ್ ಅಥವಾ ನೋಜಲ್. ನೀಲಿ ಹೊಗೆ ಇಂಜಿನ್ ಆಯಿಲ್ ಸುಡುವುದರ ಗುರುತು.

ಗುಂಜಿಯ ಜೀಪಿನಲ್ಲಿ ಮೊದಲ ಅರ್ಧ ನಿಮಿಷ ಹೊಗೆಯೇ ಇರಲಿಲ್ಲ. ನಾಲ್ಕು ಹೊಸ ಹೀಟರ್ ಕೆಂಪಗೆ ಕಾದು ಕೂತಿದ್ದವು, ಸುಡಲು ಡೀಸೆಲ್ಲೇ ಬಂದಿರಲಿಲ್ಲ. ಅಲ್ಲಿಗೇ ಹೀಟರ್ ದುಡ್ಡು ದಂಡ ಅಂತ ಗೊತ್ತಾಯಿತು. ನಾನು ಬಾಯಿಬಿಟ್ಟು ಹೇಳಲಿಲ್ಲ, ಅವನೇ ಅಂದುಕೊಂಡ.

ಇಳಿಜಾರಿನ ಒಗಟು

ಈಗ ಅವನ ಮಾತು ಇನ್ನೊಮ್ಮೆ ನೆನೆಸಿಕೊಳ್ಳಿ. ಇಳಿಜಾರಿಗೆ ನಿಲ್ಲಿಸಿದರೆ ಏಳುತ್ತದೆ, ಅಂಗಳದಲ್ಲಿ ಏಳುವುದಿಲ್ಲ. ಇಳಿಜಾರಿನಲ್ಲಿ ದಬ್ಬುವುದು ಸುಲಭ, ಅದಕ್ಕೆ ಅಂತ ಅವನ ಲೆಕ್ಕ. "ದಬ್ಬದs ಬರೇ ಸೆಲ್ಫ್ ಹೊಡದ್ರೂ ಅಲ್ಲಿ ಏಳ್ತೈತೇನು?" ಕೇಳಿದೆ. ಸ್ವಲ್ಪ ಯೋಚನೆ ಮಾಡಿ "ಹೌದ್ರಿ, ಒಂದ ಸಲಕ್ಕ" ಅಂದ.

ಉತ್ತರ ಅಲ್ಲೇ ಇತ್ತು. ಇಳಿಜಾರಿನಲ್ಲಿ ಜೀಪಿನ ಮೂತಿ ಕೆಳಗೆ, ಹಿಂದಿನ ಟ್ಯಾಂಕು ಮೇಲೆ. ಅಂಗಳ ಮನೆಯ ಕಡೆಗೆ ಏರು, ಅಲ್ಲಿ ಮೂತಿ ಮೇಲೆ, ಟ್ಯಾಂಕು ಕೆಳಗೆ. ಪೈಪಿನಲ್ಲಿ ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದ್ದರೆ ಅಲ್ಲಿಂದ ಗಾಳಿ ಒಳಗೆ ಹೋಗುತ್ತದೆ, ರಾತ್ರಿಯಿಡೀ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಹಿಂದಿರುಗುತ್ತದೆ. ಮುಂಜಾನೆ ಪಂಪಿನವರೆಗಿನ ಪೈಪು ಖಾಲಿ. ಸೆಲ್ಫ್ ಹೊಡೆದು ಹೊಡೆದು ಡೀಸೆಲ್ ಮತ್ತೆ ಎಳೆದುಕೊಳ್ಳುವ ಹೊತ್ತಿಗೆ ಬ್ಯಾಟರಿ ಸೋತಿರುತ್ತದೆ. ಒಮ್ಮೆ ಸ್ಟಾರ್ಟ್ ಆದರೆ ಹಗಲಿಡೀ ತೊಂದರೆ ಇಲ್ಲ, ಯಾಕೆಂದರೆ ಹಿಂದಿರುಗಲು ಪುರಸೊತ್ತೇ ಸಿಗುವುದಿಲ್ಲ. ಹೊರಗೆ ಹನಿ ಸೋರುವುದೂ ಕಾಣುವುದಿಲ್ಲ, ಅದು ಎಳೆಯುವ ಕಡೆಯ ಪೈಪು, ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ.

ಪರೀಕ್ಷೆ ಸುಲಭ. ಮರುದಿನ ಮುಂಜಾನೆ ಕೀಲಿ ಮುಟ್ಟದೆ ಮೊದಲು ಬಾನೆಟ್ ಎತ್ತಿಸಿದೆ. ಫಿಲ್ಟರ್ ಮೇಲಿನ ಕೈಪಂಪನ್ನು ಬಿಗಿಯಾಗುವವರೆಗೆ ಒತ್ತಿದೆವು, ಇಪ್ಪತ್ತು ಸಲ ಒತ್ತಬೇಕಾಯಿತು. ಪೈಪು ತುಂಬಿದ್ದರೆ ಮೂರ್ನಾಲ್ಕಕ್ಕೇ ಬಿಗಿಯಾಗಬೇಕಿತ್ತು. ಆಮೇಲೆ ಹೀಟರ್ ಹಾಕಿ ಸೆಲ್ಫ್ ಹೊಡೆದರೆ ಅದೇ ಏರು ಅಂಗಳದಲ್ಲಿ, ಅದೇ ಚಳಿಯಲ್ಲಿ ಎರಡೇ ಸುತ್ತಿಗೆ ಎದ್ದಿತು. ಅವನ ಅವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ನೋಡಿದರು.

ಬಿರುಕು ಎಲ್ಲಿ ಅಂತ ಹುಡುಕಲು ಫಿಲ್ಟರಿನಿಂದ ಪಂಪಿಗೆ ಹೋಗುವ ರಬ್ಬರ್ ಪೈಪಿನ ಜಾಗದಲ್ಲಿ ಸ್ವಲ್ಪ ಹೊತ್ತಿಗೆ ಡೀಸೆಲ್ ತಡೆಯುವ ಪಾರದರ್ಶಕ ಪೈಪು ಹಾಕಿ, ಇಂಜಿನ್ ಓಡುವಾಗ ಮೊಬೈಲ್ ಟಾರ್ಚ್ ಹಿಡಿದು ನೋಡಬೇಕು. ಗುಳ್ಳೆ ಸಾಲಾಗಿ ಬರುತ್ತಿದ್ದರೆ ಅದರ ಹಿಂದೆಲ್ಲೋ ಗಾಳಿ ಸೇರುತ್ತಿದೆ. ಇಲ್ಲಿ ಬಿರುಕು ಸಿಕ್ಕಿದ್ದು ಟ್ಯಾಂಕಿನಿಂದ ಬರುವ ರಬ್ಬರ್ ಪೈಪಿನ ತುದಿಯಲ್ಲಿ, ಕ್ಲಿಪ್ಪಿನ ಅಡಿಗೆ. ಒಂದು ತುಂಡು ಪೈಪು, ಎರಡು ಕ್ಲಿಪ್, ಇನ್ನೂರು ರೂಪಾಯಿಯ ಒಳಗೆ ಮುಗಿಯಿತು. ಫಿಲ್ಟರ್ ಬದಲಿಸುವಾಗ ಹಳೆಯ ವಾಷರನ್ನೇ ಮತ್ತೆ ಹಾಕಿದರೂ ಇದೇ ತೊಂದರೆ ಬರುತ್ತದೆ. ಟ್ಯಾಂಕಿಗೆ ಹಿಂದಿರುಗುವ ರಿಟರ್ನ್ ಪೈಪಿನ ಬಿರುಕಿನಿಂದಲೂ ಬರುತ್ತದೆ. ಎಲೆಕ್ಟ್ರಿಕ್ ಪಂಪ್ ಇರುವ ಹೊಸ ಗಾಡಿಗಳಿಗೆ ಕೈಪಂಪಿನ ಈ ಪರೀಕ್ಷೆ ನಡೆಯದು.

ಹೀಟರ್, ಬ್ಯಾಟರಿ, ಮತ್ತು ನಾನು ಒಡೆದ ಪಿಸ್ಟನ್

ಬಿಳಿ ಹೊಗೆಯ ಗುಂಪಿನವರು ಹೀಟರಿನಿಂದ ಶುರು ಮಾಡಿ. ನಾಲ್ಕನ್ನೂ ಜೋಡಿಸುವ ಪಟ್ಟಿ ಬಿಚ್ಚಿ, ಮಲ್ಟಿಮೀಟರಿನ ಒಂದು ಕಡ್ಡಿ ಹೀಟರ್ ತಲೆಗೆ, ಇನ್ನೊಂದು ಇಂಜಿನ್ ಬಾಡಿಗೆ ಇಡಿ. ಒಳ್ಳೆಯ ಹೀಟರ್ ಒಂದೆರಡು ಓಮ್‌ಗಿಂತ ಕಡಿಮೆ ತೋರಿಸುತ್ತದೆ, ಸತ್ತದ್ದು ಏನೂ ತೋರಿಸುವುದಿಲ್ಲ. ನಾಲ್ಕೂ ಚೆನ್ನಾಗಿದ್ದು ಕಾಯದಿದ್ದರೆ ರಿಲೇ ಅಥವಾ ಫ್ಯೂಸ್ ನೋಡಿ. ಹೊಸ ಕಾಮನ್ ರೇಲ್ ಗಾಡಿಗಳ ಕೆಲವು ಹೀಟರ್‌ಗಳು ಕಡಿಮೆ ವೋಲ್ಟಿನವು, ಅವಕ್ಕೆ ಬ್ಯಾಟರಿಯಿಂದ ನೇರ ವಯರ್ ಕೊಟ್ಟು ಪರೀಕ್ಷೆ ಮಾಡಿದರೆ ಅಲ್ಲೇ ಸುಟ್ಟುಹೋಗುತ್ತವೆ.

ಬ್ಯಾಟರಿ ಬದಲಿಸುವ ಮೊದಲು ಅದೇ ಮೀಟರಿನಿಂದ ಎರಡು ಅಳತೆ. ರಾತ್ರಿ ನಿಂತ ಗಾಡಿಯಲ್ಲಿ ಮುಂಜಾನೆ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಅಂದರೆ ಸುಮಾರು ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ದುರ್ಬಲ. ಬಿದ್ದಿಲ್ಲ, ಆದರೂ ಸೆಲ್ಫ್ ನಿಧಾನ ಅಂದರೆ ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಇಂಜಿನ್ನಿಗೆ ಹೋಗುವ ಅರ್ಥಿಂಗ್ ಪಟ್ಟಿ ಬಿಚ್ಚಿ ತುಕ್ಕು ಉಜ್ಜಿ. ನಮ್ಮ ಕಡೆಯ ಮಳೆಗೆ ಆ ಪಟ್ಟಿ ಮೂರು ವರ್ಷದಲ್ಲಿ ಹಸಿರಾಗಿ ಕೂತಿರುತ್ತದೆ. ಇಂಜಿನ್ ಆಯಿಲ್ ಬಗ್ಗೆ ಒಂದೇ ಮಾತು. ಡಬ್ಬಿಯ ಮೇಲೆ 15ಡಬ್ಲ್ಯು-40, 20ಡಬ್ಲ್ಯು-50 ಅಂತ ಇರುವುದರಲ್ಲಿ ಮೊದಲ ಅಂಕಿ ಸಣ್ಣದಿದ್ದಷ್ಟೂ ಚಳಿಯಲ್ಲಿ ಆಯಿಲ್ ತೆಳು. ಗಾಡಿಯ ಪುಸ್ತಕ ಹೇಳಿದ್ದನ್ನೇ ಹಾಕಿ.

ಸೆಲ್ಫ್ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಅರ್ಧ ನಿಮಿಷ ಬಿಡಿ.

ಇನ್ನು ಸ್ಟಾರ್ಟಿಂಗ್ ಸ್ಪ್ರೇ. ಏರ್ ಫಿಲ್ಟರಿಗೆ ಒಂದು ಸಲ ಹೊಡೆದರೆ ಸತ್ತ ಇಂಜಿನ್ನೂ ಎದ್ದು ಕೂರುತ್ತದೆ ಅನ್ನುವ ವಿಡಿಯೊಗಳು ನಿಮ್ಮ ಮೊಬೈಲಿಗೂ ಬಂದಿರುತ್ತವೆ. ಆ ಡಬ್ಬಿಯಲ್ಲಿ ಇರುವುದು ಈಥರ್, ಡೀಸೆಲ್‌ಗಿಂತ ಬಹಳ ಕಡಿಮೆ ಕಾವಿಗೇ ಹೊತ್ತುತ್ತದೆ. ಬಹಳ ವರ್ಷದ ಹಿಂದೆ ಒಂದು ಮುಂಜಾನೆ ಅವಸರದಲ್ಲಿ ನಾನೂ ಹೊಡೆದಿದ್ದೆ, ಹೀಟರ್ ಕಾದಿತ್ತು ಅನ್ನುವುದೂ ನೆನಪಾಗಲಿಲ್ಲ. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಈಥರ್ ಹೊತ್ತಿತು. ಕಬ್ಬಿಣದ ಮೇಲೆ ಸುತ್ತಿಗೆ ಹೊಡೆದಂಥ ಒಂದೇ ಸದ್ದು. ಇಂಜಿನ್ ಬಿಚ್ಚಿದಾಗ ಒಂದು ಪಿಸ್ಟನ್ನಿನ ರಿಂಗಿನ ಅಂಚು ಒಡೆದಿತ್ತು. ಆ ವರ್ಷದ ಭತ್ತದ ದುಡ್ಡಿನ ದೊಡ್ಡ ಪಾಲು ಗ್ಯಾರೇಜಿಗೆ ಹೋಯಿತು. ಹೀಟರ್ ಇರುವ ಇಂಜಿನ್ನಿಗೆ ಸ್ಪ್ರೇ ಬೇಡವೇ ಬೇಡ. ಪೆಟ್ರೋಲ್ ಅದ್ದಿದ ಬಟ್ಟೆ ಏರ್ ಫಿಲ್ಟರಿನ ಬಾಯಿಗೆ ಹಿಡಿಯುವುದು, ಉರಿಯುವ ಚಿಂದಿ ಇಂಜಿನ್ ಅಡಿಗೆ ಇಡುವುದು ಕೂಡ ಇದೇ ಜಾತಿಯ ಬುದ್ಧಿ.

ದಬ್ಬಿ ಸ್ಟಾರ್ಟ್ ಮಾಡುವುದು ಹಳೆಯ ಜೀಪಿಗೆ ಆಪತ್ತಿನಲ್ಲಿ ನಡೆಯುತ್ತದೆ, ದಿನದ ಪದ್ಧತಿ ಆಗಬಾರದು. ಆಟೊಮ್ಯಾಟಿಕ್ ಗೇರಿನ ಗಾಡಿಗೆ ಅದು ಆಗುವುದೇ ಇಲ್ಲ.

ತಣ್ಣಗಿನ ಇಂಜಿನ್ ಹೆಚ್ಚು ಕುಡಿಯುತ್ತದೆ

ಪೈಪು ಸರಿಯಾಯಿತು. ಆವರೇಜ್? ಅವನ ಜೊತೆ ಗುಂಜಿಯಿಂದ ಬೆಳಗಾವಿವರೆಗೆ ಕೂತು ಹೋದೆ. ಖಾನಾಪುರ ದಾಟಿದರೂ ಟೆಂಪರೇಚರ್ ಮುಳ್ಳು ತಳದಿಂದ ಸ್ವಲ್ಪವೇ ಮೇಲೆ. "ನಮ್ಮ ಗಾಡಿ ಎಂದೂ ಹೀಟ್ ಆಗೂದಿಲ್ರಿ" ಅಂತ ಹೆಮ್ಮೆಯಿಂದ ಹೇಳಿದ. ಕೇಳಿದಾಗ ಗೊತ್ತಾಯಿತು, ಹಿಂದಿನ ಬೇಸಿಗೆಯಲ್ಲಿ ಒಮ್ಮೆ ನೀರು ಕುದಿದದ್ದಕ್ಕೆ ಥರ್ಮೋಸ್ಟಾಟ್ ವಾಲ್ವನ್ನೇ ತೆಗೆಸಿ ಎಸೆದಿದ್ದ.

ಇದು ನಮ್ಮ ಕಡೆಯ ದೊಡ್ಡ ರೋಗ. ಬೇಸಿಗೆಯ ಭಯಕ್ಕೆ ಥರ್ಮೋಸ್ಟಾಟ್ ತೆಗೆಯುತ್ತೇವೆ, ಚಳಿಗಾಲದಲ್ಲಿ ಅದರ ದಂಡ ಕಟ್ಟುತ್ತೇವೆ. ಥರ್ಮೋಸ್ಟಾಟಿನ ಕೆಲಸ ಇಂಜಿನ್ನಿನ ನೀರು 80 ಡಿಗ್ರಿಯ ಆಸುಪಾಸು ಮುಟ್ಟುವವರೆಗೆ ರೇಡಿಯೇಟರಿಗೆ ದಾರಿ ಮುಚ್ಚಿಡುವುದು. ಅದಿಲ್ಲದಿದ್ದರೆ ಮೊದಲ ನಿಮಿಷದಿಂದಲೇ ನೀರು ತಣಿಯಲು ಓಡುತ್ತದೆ. ಇಂಜಿನ್ ಬಿಸಿಯೇ ಆಗುವುದಿಲ್ಲ, ಆಯಿಲ್ ದಪ್ಪವೇ ಉಳಿಯುತ್ತದೆ, ಡೀಸೆಲ್ ಪೂರ್ತಿ ಸುಡದೆ ಹೊಗೆಯಾಗಿ ಹೋಗುತ್ತದೆ, ಸ್ವಲ್ಪ ಸಿಲಿಂಡರ್ ಗೋಡೆ ಇಳಿದು ಆಯಿಲ್ಲಿಗೂ ಸೇರುತ್ತದೆ. ಗಾಡಿ ಕುದಿದರೆ ರೇಡಿಯೇಟರ್ ಕಸ, ಫ್ಯಾನ್ ಬೆಲ್ಟ್, ವಾಟರ್ ಪಂಪ್ ನೋಡಬೇಕು. ಥರ್ಮೋಸ್ಟಾಟ್ ಹಾಳಾಗಿದ್ದರೆ ಹೊಸದು ಹಾಕಬೇಕು. ಬೆಳಗಾವಿಯಲ್ಲೇ ಒಂದು ಕೊಂಡು ಹಾಕಿಸಿದೆವು. ಬರುವಾಗ ಮುಳ್ಳು ನಡುವೆ ನಿಂತಿತು, ಅವನಿಗೆ ದಾರಿಯುದ್ದಕ್ಕೂ ಅದರದೇ ಅಂಜಿಕೆ.

ಹಾಗಂತ ಮನೆಯಲ್ಲೇ ನಿಲ್ಲಿಸಿ ಇಂಜಿನ್ ಬಿಸಿ ಮಾಡುವುದೂ ತಪ್ಪು. ಡೀಸೆಲ್ ಇಂಜಿನ್ ಭಾರವಿಲ್ಲದೆ ಬಿಸಿಯಾಗುವುದು ಬಹಳ ನಿಧಾನ. ಎರಡೂವರೆ ಲೀಟರಿನ ಇಂಜಿನ್ ಸುಮ್ಮನೆ ಓಡಿದರೆ ತಾಸಿಗೆ ಸುಮಾರು ಮುಕ್ಕಾಲು ಲೀಟರ್ ಕುಡಿಯುತ್ತದೆ ಅಂತ ಹಿಡಿಯಿರಿ. ದಿನಾ ಕಾಲು ತಾಸು ನಿಲ್ಲಿಸಿ ಕಾಯಿಸಿದರೆ ತಿಂಗಳಿಗೆ ಏಳೂವರೆ ತಾಸು, ಐದೂವರೆ ಲೀಟರ್. ಲೀಟರಿಗೆ 90 ರೂಪಾಯಿ ಅಂದರೂ 500 ರೂಪಾಯಿ ಅಂಗಳದಲ್ಲೇ ಹೊಗೆಯಾಯಿತು. ಸ್ಟಾರ್ಟ್ ಆದ ಮೇಲೆ ಅರ್ಧ-ಒಂದು ನಿಮಿಷ ಆಯಿಲ್ ಮೇಲೇರಲು ಬಿಡಿ, ರೇಸ್ ಕೊಡಬೇಡಿ. ಆಮೇಲೆ ಹೊರಟು ಮೊದಲ ಮೂರ್ನಾಲ್ಕು ಕಿಲೋಮೀಟರ್ ಮೆಲ್ಲಗೆ ಹೋಗಿ. ಬಾಗಿಲು ಹಾಕಿದ ಶೆಡ್ಡಿನಲ್ಲಿ, ದನದ ಕೊಟ್ಟಿಗೆಯ ಪಕ್ಕ ಇಂಜಿನ್ ಓಡಿಸಿಡಬೇಡಿ, ಆ ಹೊಗೆಯಲ್ಲಿ ಜೀವ ತೆಗೆಯುವ ಗಾಳಿ ಇದೆ.

ಡೇರಿಗೆ ಎರಡು ಕಿಲೋಮೀಟರ್, ಬಂದು ನಿಲ್ಲಿಸಿ ಮತ್ತೆ ಸೊಸೈಟಿಗೆ ಎರಡು ಕಿಲೋಮೀಟರ್, ಇಂಥ ಓಡಾಟದಲ್ಲಿ ಯಾವ ಇಂಜಿನ್ನೂ ಆವರೇಜ್ ಕೊಡುವುದಿಲ್ಲ. ಎರಡು ಕೆಲಸ ಒಂದೇ ಸುತ್ತಿನಲ್ಲಿ ಮುಗಿಸಿ, ಇಲ್ಲಾ ಬೈಕ್ ತೆಗೆಯಿರಿ.

ಕೆಸರಿನ ಲಿವರ್ ಟಾರ್ ರೋಡಿಗೆ ಬೇಡ

ಫೋರ್ ಬೈ ಫೋರ್ ಲಿವರ್ ಹಾಕಿದಾಗ ಹಳೆಯ ಜೀಪುಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್ ಒಂದೇ ವೇಗಕ್ಕೆ ಕಟ್ಟಿದಂತೆ ತಿರುಗುತ್ತವೆ. ಆದರೆ ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು. ಕೆಸರಿನಲ್ಲಿ ಗಾಲಿ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಟಾರ್ ಮೇಲೆ ಜಾರಲು ಜಾಗ ಇಲ್ಲ, ಗೇರು, ಶಾಫ್ಟು ಒಂದಕ್ಕೊಂದು ತಿರುಚಿಕೊಳ್ಳುತ್ತವೆ. ಟೈರ್ ಸವೆಯುತ್ತದೆ, ಡೀಸೆಲ್ ಹೋಗುತ್ತದೆ, ಕೊನೆಗೆ ಗೇರಿನ ಹಲ್ಲು. ಗದ್ದೆಯಿಂದ ರಸ್ತೆಗೆ ಹತ್ತಿದ ಕೂಡಲೇ ಟು ವೀಲಿಗೆ ತನ್ನಿ. ಲಿವರ್ ಬಿಗಿಯಾಗಿ ಬರದಿದ್ದರೆ ನೆಟ್ಟಗೆ ನಾಲ್ಕು ಮೀಟರ್ ರಿವರ್ಸ್ ಹೋಗಿ, ಸಡಿಲಾಗುತ್ತದೆ. ಮುಂದಿನ ಗಾಲಿಯ ನಡುವೆ ಕೈಯಿಂದ ತಿರುಗಿಸುವ ಹಬ್ ಲಾಕ್ ಇದ್ದರೆ ಅದನ್ನೂ ಫ್ರೀ ಮಾಡಿ. ಅದೊಂದರಿಂದ ಉಳಿಯುವ ಡೀಸೆಲ್ ಅಷ್ಟೇನೂ ದೊಡ್ಡದಲ್ಲ, ನಿಜ ಹೇಳಬೇಕು, ಆದರೆ ಸುಮ್ಮನೆ ಶಾಫ್ಟ್ ಯಾಕೆ ಸವೆಸಬೇಕು?

ಕೆಸರಿಗೆ ಅಂತ ಇಳಿಸಿದ ಟೈರಿನ ಗಾಳಿ ಮತ್ತೆ ತುಂಬಿಸುವುದನ್ನು ಮರೆಯುವವರೇ ಹೆಚ್ಚು. ಎಷ್ಟು ತುಂಬಬೇಕು ಅನ್ನುವುದು ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಇಲ್ಲವೇ ಪುಸ್ತಕದಲ್ಲಿ ಇರುತ್ತದೆ.

ಮಳೆಗಾಲದ ನೀರು, ಚಳಿಗಾಲದ ಕಾಟ

ಕಣಕುಂಬಿ ಕಡೆಯ ಮಳೆ ನಿಮಗೆ ಹೇಳಬೇಕಾಗಿಲ್ಲ. ಅರ್ಧ ಖಾಲಿ ಟ್ಯಾಂಕಿನ ಒಳಗೆ ಆ ತೇವದ ಗಾಳಿ ರಾತ್ರಿ ತಣಿದು ನೀರಾಗಿ ತಳಕ್ಕೆ ಇಳಿಯುತ್ತದೆ. ನೀರೂ ಡೀಸೆಲ್ಲೂ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆ ಆಗುತ್ತದೆ, ಚಳಿಗಾಲದ ಹೊತ್ತಿಗೆ ಅದು ಫಿಲ್ಟರಿನಲ್ಲಿ ಕೂತಿರುತ್ತದೆ. ಮಳೆಗಾಲದಲ್ಲಿ ರಾತ್ರಿ ಟ್ಯಾಂಕು ಆದಷ್ಟು ತುಂಬಿರಲಿ. ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ವಾರಕ್ಕೊಮ್ಮೆ ಒಂದು ಬಾಟಲಿಗೆ ಸ್ವಲ್ಪ ಹಿಡಿಯಿರಿ, ನೀರಿದ್ದರೆ ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಕ್ಯಾನಿನಲ್ಲಿ ತಂದಿಟ್ಟ ಡೀಸೆಲ್ ಒಂದು ದಿನ ಅಲುಗಿಸದೆ ಇಟ್ಟು, ತಳದ ಎರಡು ಬೆರಳಷ್ಟು ಬಿಟ್ಟು ಮೇಲಿನದನ್ನು ಹಾಕಿ. ಕಾಮನ್ ರೇಲ್ ಗಾಡಿಗೆ ಇದು ಕಡ್ಡಾಯ. ಅದರ ಇಂಜೆಕ್ಟರಿನ ಬೆಲೆ ಒಮ್ಮೆ ವಿಚಾರಿಸಿ ನೋಡಿ.

ಆವರೇಜ್ ಅಳೆಯುವುದು ಹೀಗೆ

"ಹತ್ತು ಕೊಡ್ತೈತಿ" ಅನ್ನುವುದು ಅಳತೆ ಅಲ್ಲ. ಒಂದೇ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಮೀಟರಿನ ಫೋಟೊ ತೆಗೆಯಿರಿ. ಮುಂದಿನ ಸಲ ಮತ್ತೆ ಫುಲ್ ಮಾಡಿಸಿ ಫೋಟೊ ತೆಗೆಯಿರಿ, ಬಿಲ್ಲೂ ಇಡಿ. ಉದಾಹರಣೆಗೆ ನಡುವೆ 412 ಕಿಲೋಮೀಟರ್ ಓಡಿ 36.5 ಲೀಟರ್ ಹಿಡಿದರೆ 11.3. ದೊಡ್ಡ ಟೈರ್ ಹಾಕಿಸಿದ್ದೀರಾ? ಹಾಗಿದ್ದರೆ ಮೀಟರ್ ಸುಳ್ಳು ಹೇಳುತ್ತಿದೆ. ಗುಂಜಿಯಿಂದ ಬೆಳಗಾವಿಗೆ ಹೋಗುವಾಗ ಮೊಬೈಲಿನ ಜಿಪಿಎಸ್ ದೂರ ಒಂದು ಸಲ ತಾಳೆ ನೋಡಿ. ಮೀಟರ್ ನೂರಕ್ಕೆ ಐದು ಕಡಿಮೆ ತೋರಿಸುತ್ತಿದ್ದರೆ ಅದೇ ಟ್ಯಾಂಕಿನ ನಿಜವಾದ ಲೆಕ್ಕ ಸುಮಾರು 11.9. ಗದ್ದೆಯಲ್ಲಿ ಲೋ ಗೇರಿನಲ್ಲಿ ದುಡಿದ ದಿನಗಳನ್ನು ಬೇರೆ ಬರೆಯಿರಿ, ಅದಕ್ಕೆ ಕಿಲೋಮೀಟರಿನ ಲೆಕ್ಕ ಅನ್ವಯಿಸದು, ತಾಸಿಗೆ ಎಷ್ಟು ಲೀಟರ್ ಅಂತ ನೋಡಬೇಕು. ಮೂರು ಟ್ಯಾಂಕಿನ ಲೆಕ್ಕ ಸಿಗುವವರೆಗೆ ಯಾವ ತೀರ್ಮಾನಕ್ಕೂ ಬರಬೇಡಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿ ಇರುವವರಿಗೆ ಇನ್ನೊಂದು ಮಾತು. ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ತುಂಬಿದಾಗ ಗಾಡಿ ತಾನೇ ಹೆಚ್ಚು ಡೀಸೆಲ್ ಬಿಟ್ಟು ಆ ಮಸಿ ಸುಡುತ್ತದೆ, ಆ ಹೊತ್ತಿನಲ್ಲಿ ಆವರೇಜ್ ಬೀಳುವುದು ಸಹಜ. ಊರೊಳಗಿನ ಸಣ್ಣ ಓಡಾಟದಲ್ಲಿ ಸುಡುವುದು ಅರ್ಧಕ್ಕೇ ನಿಂತು ಮಸಿ ಕಟ್ಟುತ್ತದೆ. ವಾರಕ್ಕೊಮ್ಮೆಯಾದರೂ ಖಾನಾಪುರ-ಬೆಳಗಾವಿ ಹೈವೇಯಲ್ಲಿ ಒಂದೇ ವೇಗದಲ್ಲಿ ಅರ್ಧ ತಾಸು ಓಡಿಸಿ. ಡಿಪಿಎಫ್ ದೀಪ ಹತ್ತಿದಾಗ ಮನೆ ಬಂತು ಅಂತ ಇಂಜಿನ್ ಆರಿಸದೆ ಇನ್ನೊಂದು ಸುತ್ತು ಹೋಗಿ ಬನ್ನಿ.

ಗುಂಜಿಯ ಗೆಳೆಯ ಹೋದ ವಾರ ಫೋನ್ ಮಾಡಿದ್ದ. ಜೀಪು ಈಗ ಅಂಗಳದಲ್ಲೇ ಮೂತಿ ಮೇಲೆ ಮಾಡಿ ನಿಲ್ಲುತ್ತದಂತೆ. ಎರಡು ಟ್ಯಾಂಕಿನ ಲೆಕ್ಕ ಬರೆದಿದ್ದಾನೆ, ಮೂರನೆಯದು ತುಂಬಿದ ಮೇಲೆ ಹೇಳ್ತೀನ್ರಿ ಅಂದ.